ಕಾಟಾದ ಬೆನ್ನಿನ ತಗಡು

ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ಶಂಕರಪ್ಪನ ಅಂಗಡಿಗೆ ಬಂದ ಮೊದಲ ಫೋನು ಗುಂಟೂರಿನ ಹೆಂಗಸೊಬ್ಬಳದು. ಬರುವ ವಾರ ವರಲಕ್ಷ್ಮಿ ವ್ರತಕ್ಕೆ ಅಮ್ಮನವರಿಗೆ ಕುಂಕುಮಾರ್ಚನೆ ಎಷ್ಟು ಹೊತ್ತಿಗೆ, ಟಿಕೆಟ್ಟು ಅಲ್ಲೇ ಸಿಗುತ್ತದೆಯೇ ಎಂದು ಆಕೆ ಬಹಳ ಭಕ್ತಿಯಿಂದ ವಿಚಾರಿಸಿದಳು. ಶಂಕರಪ್ಪನ ತೊಡೆಯ ಮೇಲೆ ಬಿಚ್ಚಿದ ಕಾಟಾ, ತುಟಿಗಳ ನಡುವೆ ಎರಡು ಸ್ಕ್ರೂ. ಸ್ಕ್ರೂಗಳನ್ನು ಅಂಗೈಗೆ ಉಗಿದು, "ಇದಿ ಗುಡಿ ಕಾದಮ್ಮಾ! ಕಾಟಾಲ ಷಾಪು!" ಎಂದು ವಿಜಯವಾಡದ ಗವರ್ನರ್‌ಪೇಟೆಯ ಆಟೋದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ಇದು ಗುಡಿಯಲ್ಲ, ತೂಕದ ಯಂತ್ರದ ಅಂಗಡಿ ಎಂದು ಆ ತಿಂಗಳು ಅವನು ಕೂಗಿದ್ದು ಇದು ಆರನೆಯ ಸಲ. ಆಕೆಯೂ ಸುಮ್ಮನಿರಲಿಲ್ಲ. ಅಮ್ಮನ ಸನ್ನಿಧಿಯಲ್ಲಿ ಕೂತುಕೊಂಡು ಇಂಥ ಬಾಯಿಯೇ ಎಂದು ಬೈದು ಫೋನಿಟ್ಟಳು.

ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಏಳನೆಯ ಕ್ಲಾಸು ಮುಗಿಸಿ, ಸೋದರಮಾವನ ಹಿಂದೆ ವಿಜಯವಾಡಕ್ಕೆ ಬಂದವನು ಶಂಕರಪ್ಪ. ತಕ್ಕಡಿಯ ಕಾಲದಿಂದ ಎಲೆಕ್ಟ್ರಾನಿಕ್ ಕಾಟಾದ ಕಾಲದವರೆಗೆ ತೂಕದ ಯಂತ್ರ ರಿಪೇರಿ ಮಾಡಿ, ಮಾರಿ, ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸಿಕೊಡುವುದೇ ಅವನ ಕಸುಬು. ಕೈ ಎಷ್ಟು ನಿಖರವೋ ಬಾಯಿ ಅಷ್ಟೇ ಕೆಟ್ಟದ್ದು. ಹೆಂಡತಿ ಪದ್ಮಾ ವಿಶಾಖಪಟ್ಟಣದವಳು, ಕನ್ನಡ ತೆಲುಗು ಎರಡೂ ಬೆರೆತ ಮನೆತನದವಳು. ಅವಳ ತಮ್ಮ ಫಣೀಂದ್ರ ಹದಿನೆಂಟು ವರ್ಷ ಶಂಕರಪ್ಪನ ಕೈಕೆಳಗೆ ಬೈಸಿಕೊಂಡು ಕೆಲಸ ಕಲಿತು, ಹೋದ ವರ್ಷ ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಕಾರ್ಖಾನೆಗಳನ್ನು ನಂಬಿ ಅಲ್ಲೊಂದು ಶಾಖೆ ತೆರೆದಿದ್ದ. ಐವತ್ತನೆಯ ವಯಸ್ಸಿಗೆ ಮೊದಲ ಸಲ ಅವನ ಜೇಬಿನಲ್ಲಿ ಅವನದೇ ಅಂಗಡಿಯ ಬೀಗದ ಕೈ ಇತ್ತು.

ಗುಂಟೂರಿನ ಹೆಂಗಸಿನ ನಂತರ ಫೋನು ಮಾಡಿದವನು ಅವನೇ.

"ಬಾವಾ, ಆ ಔಷಧ ಕಾರ್ಖಾನೆಯವರೂ ಹೋದರು. ಫೋನಿನಲ್ಲಿ ಹುಡುಕಿದರಂತೆ. ನಮ್ಮದು ಬಂತಂತೆ, ಯಾವುದೋ ದೇವಸ್ಥಾನ ಅಂದುಕೊಂಡು ಪಟ್ಟಿಯಲ್ಲಿ ನಮ್ಮ ಕೆಳಗಿದ್ದವರಿಗೆ ಫೋನು ಮಾಡಿದರಂತೆ."

"ಕಾರ್ಖಾನೆಯೋರಿಗೆ ಕಣ್ಣಿಲ್ವೇನೋ?"

"ಕಣ್ಣಿದೆ ಬಾವಾ. ಕಂಡದ್ದನ್ನೇ ಓದಿದ್ದಾರೆ."

"ದೀಪಾವಳಿ ತನಕ ನೋಡ್ತೀನಿ ಫಣೀ. ಆಮೇಲೂ ಹಿಂಗೇ ಆದ್ರೆ ಶಟರ್ ಎಳೆದು ಸಾಮಾನು ಲಾರಿಗೆ ಹಾಕು. ಇಲ್ಲಿ ನಿನ್ನ ಸ್ಟೂಲು ಹಂಗೇ ಐತೆ."

ಸ್ಟೂಲಿನ ಮಾತು ಕೇಳುತ್ತಲೇ ಫಣೀಂದ್ರ ಫೋನಿಟ್ಟ.

ಈ ಮಾತು ಪದ್ಮಾಳ ಮೂಲಕ ಸಾಹಿತ್ಯಳಿಗೆ ತಲುಪಿತು. ಸಾಹಿತ್ಯ ಫಣೀಂದ್ರನ ಮಗಳು. ಇಪ್ಪತ್ತನಾಲ್ಕು ವರ್ಷದವಳು, ಅತ್ತೆಯ ಮನೆಯಲ್ಲಿದ್ದುಕೊಂಡು ಬೆಂಜ್ ಸರ್ಕಲ್ ಹತ್ತಿರದ ಒಂದು ಸಣ್ಣ ಆಫೀಸಿನಲ್ಲಿ ವ್ಯಾಪಾರಿಗಳ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಸೀದಾ ಅಂಗಡಿಗೆ ಬಂದು ತನ್ನ ಫೋನನ್ನು ಶಂಕರಪ್ಪನ ಮೂಗಿನ ಕೆಳಗೆ ಹಿಡಿದಳು.

"ಮಾಮಯ್ಯಾ, ಕೋಪ ಮಾಡ್ಕೋಬೇಡಿ, ಓದಿ."

ಶಂಕರಪ್ಪ ಕನ್ನಡಕ ಹಾಕಿಕೊಂಡು, ಹುಡುಕಿದಾಗ ಬಂದ ಪಟ್ಟಿಯಲ್ಲಿ ತನ್ನ ಅಂಗಡಿಯ ಸಾಲನ್ನು ಓದಿದ. ಶ್ರೀ ಚೌಡೇಶ್ವರಿ ಪ್ರಸನ್ನ, ಶ್ರೀ ಆಂಜನೇಯ ಪ್ರಸನ್ನ, ಶ್ರೀ ಗುರು... ಅಲ್ಲಿಗೆ ಜಾಗ ಮುಗಿದು ಮೂರು ಚುಕ್ಕಿ. ಅದರ ಕೆಳಗಿನ ಎರಡು ಸಾಲಿನಲ್ಲಿ, ತೀರಿಹೋದ ಸೋದರಮಾವನ ಆಶೀರ್ವಾದದಿಂದ ಎಂದು ಶುರುವಾಗಿ ಮತ್ತೆ ಮೂರು ಚುಕ್ಕಿ. ಗವರ್ನರ್‌ಪೇಟೆಯ ಪುಟಕ್ಕೂ ಅದೇ, ಅಚ್ಯುತಾಪುರಂ ಪುಟಕ್ಕೂ ಅದೇ, ಕಾಟಾದ ಚಿತ್ರಗಳ ಪುಟಕ್ಕೂ ಅದೇ. ಎರಡು ವರ್ಷದ ಹಿಂದೆ ವೆಬ್‌ಸೈಟು ಮಾಡಿದವನಿಗೆ ಬಿಲ್ಲಿನ ಪುಸ್ತಕ ಕೊಟ್ಟು, ದೇವರ ಹೆಸರಿಲ್ಲದೆ ಒಂದು ಹಾಳೆಯೂ ಇರಕೂಡದು, ಇದೇ ತಲೆಬರಹ ಎಲ್ಲಾ ಪುಟಕ್ಕೂ ಹಾಕು ಎಂದು ಗದರಿಸಿದವನು ಶಂಕರಪ್ಪನೇ. ಆತ ಬಡಪಾಯಿ, ಹಾಗೆಯೇ ಹಾಕಿದ್ದ.

"ದೇವರನ್ನ ತೆಗೀಬೇಕು ಅಂತೀಯಾ?"

"ತೆಗೀಬೇಡಿ. ಪುಟದೊಳಗೆ ಮೇಲ್ಗಡೆ ಇರಲಿ, ಬಿಲ್ಲಿನ ಹಾಗೇ. ಟೈಟಲ್‌ನಲ್ಲಿ ಮಾತ್ರ ಬೇಡ. ಟೈಟಲ್ ಅಂದರೆ ರಸ್ತೆಯಿಂದ ಕಾಣೋ ಬೋರ್ಡು. ಅಲ್ಲಿ ನಾವೇನು ಮಾಡ್ತೀವಿ, ಯಾವ ಊರಲ್ಲಿ, ಅಷ್ಟೇ ಬೇಕು. ಒಂದೊಂದು ಪುಟಕ್ಕೆ ಒಂದೊಂದು."

"ಆ ಕೆಳಗಿನ ಎರಡು ಸಾಲು?"

"ಅದು ಮೆಟಾ ಡಿಸ್ಕ್ರಿಪ್ಷನ್. ಬೋರ್ಡು ನೋಡಿ ಹೊಸ್ತಿಲ ಹತ್ರ ನಿಂತವರಿಗೆ, ಬನ್ನಿ, ಇಂಥಾದ್ದು ಸಿಗುತ್ತೆ ಅಂತ ಹೇಳೋದು. ಸತ್ತವರ ಸುದ್ದಿ ಅಲ್ಲಿ ಯಾಕೆ ಮಾಮಯ್ಯಾ?"

ಶಂಕರಪ್ಪನ ಕಿವಿ ಕೆಂಪಾಯಿತು. ಆದರೆ ಹುಡುಗಿ ನಿಲ್ಲಿಸಲಿಲ್ಲ. ಇವೆರಡರ ಜೊತೆಗೆ ಮೂರನೆಯದೊಂದಿದೆ, ಸ್ಟ್ರಕ್ಚರ್ಡ್ ಡೇಟಾ ಅಂತ, ಅದು ಪುಟ ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಹುಡುಕುವ ಯಂತ್ರ ಮಾತ್ರ ಓದುತ್ತದೆ ಎಂದಳು.

"ಯಾರಿಗೂ ಕಾಣದ್ದಕ್ಕೆ ಯಾಕೆ ಒದ್ದಾಡ್ತೀಯೆ?"

ಸಾಹಿತ್ಯ ಸುತ್ತ ನೋಡಿದಳು. ಬೆಂಚಿನ ಮೇಲಿದ್ದ ಕಾಟಾವನ್ನು ತಿರುಗಿಸಿ, ಅದರ ಬೆನ್ನಿಗೆ ರಿವೆಟ್ ಹೊಡೆದಿದ್ದ ಸಣ್ಣ ತಗಡಿನ ಮೇಲೆ ಬೆರಳಿಟ್ಟಳು.

"ಇದನ್ನ ಗಿರಾಕಿಗಳು ಓದ್ತಾರಾ?"

"ಒಬ್ಬನೂ ಓದಲ್ಲ."

"ಮತ್ತೆ ಯಾರು ಓದ್ತಾರೆ?"

"ಇನ್ಸ್‌ಪೆಕ್ಟರ್ರು. ಮೊದಲು ಅವರು ನೋಡೋದೇ ಅದನ್ನ. ಮಾಡಿದೋರು ಯಾರು, ಎಷ್ಟು ಕೆಜಿ ತನಕ, ಯಾವ ದರ್ಜೆ, ನಂಬರ್ ಏನು. ತಗಡಿಲ್ಲದ ಕಾಟಾಕ್ಕೆ ಮುದ್ರೆ ಒತ್ತಲ್ಲ."

"ಅದೇ ಇದು. ಕಥೆ ಬೇಡ, ಒಂದೊಂದು ಸಂಗತಿ ಅದರದರ ಮನೆಯಲ್ಲಿ. ಇದು ಅಂಗಡಿ, ಗುಡಿಯಲ್ಲ. ಇದು ಅಚ್ಯುತಾಪುರಂ ಶಾಖೆ, ಇದರ ಫೋನು ಇದು. ಇದರ ಮೂಲ ಅಂಗಡಿ ವಿಜಯವಾಡದ್ದು, ಅದರ ಫೋನು ಬೇರೆ. ಹಾಕಿದ ಮಾತ್ರಕ್ಕೆ ಮೇಲೆ ಬಂದೇ ಬರ್ತೀವಿ ಅಂತ ನಾನು ಹೇಳಲ್ಲ. ಯಂತ್ರಕ್ಕೆ ನಾವು ಯಾರು ಅನ್ನೋ ಅನುಮಾನ ಇರಲ್ಲ, ಅಷ್ಟೇ."

ಈ ಎರಡು ವರ್ಷದಲ್ಲಿ ಮೈಗೆ ಸೆಂಟು ಹಾಕಿಕೊಂಡು ಬಂದು, ನಿಮ್ಮನ್ನು ಮೊದಲ ಸಾಲಿಗೆ ತರುತ್ತೇವೆ ಎಂದವರು ಎಷ್ಟು ಜನವೋ. ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳಿದವಳು ಇವಳೊಬ್ಬಳು. ಶಂಕರಪ್ಪ ಕಾಟಾವನ್ನು ಕಸಿದು ತನ್ನ ಕಡೆ ತಿರುಗಿಸಿಕೊಂಡು, "ಏನಾದ್ರೂ ಮಾಡ್ಕೋ ಹೋಗು" ಎಂದ. ಅವನ ನಾಲಿಗೆಯಲ್ಲಿ ಅದು ಒಪ್ಪಿಗೆ.

ಅಂದಿನಿಂದ ಸಾಹಿತ್ಯ ದಿನಾ ಸಂಜೆ ಆಫೀಸು ಮುಗಿಸಿ ಬಂದು ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂರತೊಡಗಿದಳು. ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಬಾಗಿಲು ತೆಗೆಯುವುದು ಎಷ್ಟು ಹೊತ್ತಿಗೆ ಎಂದರೆ ಶಂಕರಪ್ಪ ಎಂಟು ಗಂಟೆ ಎಂದ. ಅವಳು ರಜೆ ಹಾಕಿ ಎರಡು ದಿನ ಎದುರಿನ ಟೀ ಅಂಗಡಿಯಲ್ಲಿ ಕಾದು, ಪೂಜೆ ಮುಗಿದು ಮೊದಲ ಗಿರಾಕಿಗೆ ಉತ್ತರ ಸಿಗುವುದು ಒಂಬತ್ತೂಕಾಲಿಗೆ ಎಂದು ಕಂಡುಕೊಂಡು ಹಾಗೆಯೇ ಬರೆದಳು. ಲಾರಿ ತೂಗುವ ದೊಡ್ಡ ವೇಬ್ರಿಜ್ ರಿಪೇರಿ ಮಾಡುತ್ತೀರಾ ಎಂದಳು. ಮಾಡಲ್ಲ, ಆದರೆ ಮಾಡ್ತೀವಿ ಅಂತ ಬರಿ, ಬಂದ ಮೇಲೆ ನೋಡಿಕೊಳ್ಳೋಣ ಎಂದ. ಐನೂರು ಕೆಜಿ ಮೇಲಿನದನ್ನು ಮಾಡುವುದಿಲ್ಲ ಎಂದು ಬರೆದಳು. ಜಗಳ ಆಯಿತು. ಪದ್ಮಾ ಫೋನಿನಲ್ಲೇ ಇಬ್ಬರನ್ನೂ ಬೈದಳು.

ಆದರೂ ಶಂಕರಪ್ಪನಿಗೆ ಅವಳ ಕೆಲಸದಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಬರೆದದ್ದನ್ನೆಲ್ಲ ಅವಳು ಪರೀಕ್ಷೆ ಮಾಡುವ ಪುಟವೊಂದಕ್ಕೆ ಹಾಕುವಳು. ಕೆಂಪು ಗುರುತು ಬಂದರೆ ಮೊದಲಿನಿಂದ ನೋಡುವಳು. ಒಂದು ಸಂಜೆ ಒಂದೂಕಾಲು ಗಂಟೆ ಹುಡುಕಿ, ಫೋನ್ ನಂಬರಿನ ಮುಂದೆ ಬಿಟ್ಟುಹೋಗಿದ್ದ ಒಂದೇ ಒಂದು ಅಲ್ಪವಿರಾಮ ಕಂಡುಹಿಡಿದಳು. ಅಷ್ಟಕ್ಕೇ ಯಂತ್ರ ಇಡೀ ತಗಡನ್ನು ಓದಲು ಒಲ್ಲೆ ಎಂದಿತ್ತಂತೆ. ಚಿನ್ನ ತೂಗುವ ಕಾಟಾದ ಕೆಳಗೆ ಸೇರಿದ ಕೂದಲೆಳೆಯನ್ನು ಹೀಗೆಯೇ ಹುಡುಕಿ ಬೆಳೆದವನು ಶಂಕರಪ್ಪ. ಅಬ್ಬಾ ಅನ್ನಿಸಿತು. ಬಾಯಲ್ಲಿ ಮಾತ್ರ, "ಟೀ ಆರ್ತಾ ಐತೆ, ಕುಡಿ" ಎಂದ.

ದಸರಾದ ಹೊತ್ತಿಗೆ ದೇವಸ್ಥಾನದ ಫೋನುಗಳು ನಿಂತವು. ಕಾರ್ಖಾನೆಯ ಫೋನುಗಳು ಇನ್ನೂ ಶುರುವಾಗಿರಲಿಲ್ಲ. ಅಂಥ ಒಂದು ದಿನ ಶಂಕರಪ್ಪ ಫೋನಿನಲ್ಲಿ ಹುಡುಕುವಾಗ ಬೇರೆ ಯಾವುದೋ ಅಂಗಡಿಯ ಸಾಲಿನ ಕೆಳಗೆ ಹಳದಿ ನಕ್ಷತ್ರಗಳನ್ನು ಕಂಡ.

"ಏ ಸಾಹಿತ್ಯಾ, ಇವನ್ಯಾರು ನಿನ್ನೆ ಮೊನ್ನೆ ಬಂದೋನು. ಇವನಿಗೆ ಐದು ಸ್ಟಾರು! ನಮಗೂ ಹಾಕು."

"ಯಾರು ಕೊಟ್ಟರು ಮಾಮಯ್ಯಾ?"

"ನಾನು ಕೊಡ್ತಾ ಇದೀನಿ. ಮೂವತ್ತು ವರ್ಷದಿಂದ ಐದೇ ನಮ್ಮದು. ಆ ಕಾಣದ ತಗಡಿನಲ್ಲಿ ಬರೆದುಬಿಡು."

"ಬರೆಯೋಕೆ ಎರಡು ನಿಮಿಷ ಸಾಕು. ಬರೆಯಲ್ಲ. ಪುಟದಲ್ಲಿ ಜನಕ್ಕೆ ಕಾಣದ್ದನ್ನ ಯಂತ್ರದ ಕಿವಿಯಲ್ಲಿ ಮಾತ್ರ ಹೇಳಬಾರದು. ಗಿರಾಕಿಗಳು ನಮ್ಮ ಬಗ್ಗೆ ಬರೆದ ಒಂದು ಸಾಲಾದರೂ ಇದೆಯಾ?"

"ಅಚ್ಯುತಾಪುರಂ ಪುಟಕ್ಕಾದ್ರೂ ಹಾಕು! ಮುಚ್ಚೋದು ನಿಮ್ಮಪ್ಪನ ಅಂಗಡಿ ಕಣೇ, ನಂದಲ್ಲ!"

"ಗೊತ್ತು ಮಾಮಯ್ಯಾ."

"ಗೊತ್ತಿದ್ದೂ?"

"ಗೊತ್ತಿದ್ದೇ." ಅವಳು ಕಣ್ಣೊರೆಸಿಕೊಂಡು ಕೇಳಿದಳು. "ತಗಡಿನಲ್ಲಿ ಮುನ್ನೂರು ಕೆಜಿ ಅಂತ ಕೊರೆದು ನೂರೈವತ್ತರ ಕಾಟಾ ಮಾರ್ತೀರಾ ನೀವು?"

ಶಂಕರಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಬಡಿದ. ಬಹಳ ಹಿಂದೆ ಒಬ್ಬ ಅಕ್ಕಿ ವ್ಯಾಪಾರಿ ಬಂದು, ಚೀಲಕ್ಕೆ ಅರ್ಧ ಕೆಜಿ ಹೆಚ್ಚು ತೋರಿಸುವ ಹಾಗೆ ಕಾಟಾ ತಿದ್ದಿಕೊಡು ಎಂದಿದ್ದ. ಶಂಕರಪ್ಪ ತಟ್ಟೆ ಎತ್ತಿಕೊಂಡು ಅವನನ್ನು ಬೀದಿಯ ಕೊನೆಯವರೆಗೂ ಅಟ್ಟಿದ್ದ. ಆ ಕಥೆಯನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿದ್ದ. ಈಗ ನೋಡಿದರೆ ಆ ಅಕ್ಕಿ ವ್ಯಾಪಾರಿಯ ಜಾಗದಲ್ಲಿ ತಾನು ನಿಂತಿದ್ದೇನೆ. ಆಗ ತನಗೆ ಕಳೆದುಕೊಳ್ಳಲು ಇದ್ದವನು ಒಬ್ಬ ಗಿರಾಕಿ ಮಾತ್ರ. ಈ ಹುಡುಗಿ ಅಪ್ಪನ ಅಂಗಡಿಯನ್ನೇ ಒತ್ತೆಯಿಟ್ಟು ಒಲ್ಲೆ ಎನ್ನುತ್ತಿದ್ದಾಳೆ. ಹದಿನೆಂಟು ವರ್ಷ ತನ್ನ ಬೈಗುಳಕ್ಕೆ ತಲೆ ತಗ್ಗಿಸಿದ ಫಣಿಗೆ ಇಂಥ ಮಗಳು ಎಲ್ಲಿಂದ ಹುಟ್ಟಿದಳು?

"ಹಂಗಾದ್ರೆ ಲಾರಿ ಗೊತ್ತು ಮಾಡ್ತೀನಿ" ಎಂದು ಮಾತ್ರ ಹೇಳಿದ. ತಪ್ಪು ತನ್ನದೆಂದು ತಿಳಿದಾಗಲೂ ಆಡಿದ ಗಡುವನ್ನು ಹಿಂದೆ ತೆಗೆದುಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇದೆ ಎನ್ನುವಾಗ ಅವನು ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದ. ಮರುದಿನ ಬೆಳಿಗ್ಗೆ ಅಚ್ಯುತಾಪುರಂ ಅಂಗಡಿಗೆ ಹೋಗಿ ನೋಡಿದರೆ ಫಣೀಂದ್ರ ಕಾಟಾಗಳನ್ನು ಆಗಲೇ ರಟ್ಟಿನ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿಯುತ್ತಿದ್ದ. ಲಾರಿ ಹನ್ನೆರಡಕ್ಕೆ ಬರಬೇಕಿತ್ತು.

"ಈ ವಾರ ಮೂರು ಫೋನು ಬಂದವು ಬಾವಾ. ಎಲ್ಲಾ ಕಾರ್ಖಾನೆಯವೇ."

"ಫೋನು ಬಂದ್ರೆ ಆಯ್ತಾ? ಮನುಷ್ಯ ಬಂದ್ನಾ?"

ಫಣೀಂದ್ರ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಹತ್ತು ಗಂಟೆಯ ಹೊತ್ತಿಗೆ ಬೈಕಿನಿಂದ ಇಳಿದವನು ನೀಲಿ ಅಂಗಿಯ ಒಬ್ಬ ಸ್ಟೋರ್‌ಕೀಪರ್. ಕಾಮೇಶ್ವರ ಎಂದು ಹೆಸರು ಹೇಳಿ, ಪೆಟ್ಟಿಗೆಗಳನ್ನು ನೋಡಿ, "ಮುಚ್ಚುತ್ತಿದ್ದೀರಾ?" ಎಂದು ತೆಲುಗಿನಲ್ಲಿ ಕೇಳಿದ.

"ಮೊದಲು ನಿಮಗೇನು ಬೇಕು ಹೇಳಿ" ಎಂದ ಶಂಕರಪ್ಪ.

ತಮ್ಮ ಕಾರ್ಖಾನೆಯಲ್ಲಿ ಇಪ್ಪತ್ತೆರಡು ಕಾಟಾಗಳಿವೆ, ವರ್ಷದ ಮುದ್ರೆಯ ಅವಧಿ ಮುಗಿಯುತ್ತಾ ಬಂದಿದೆ ಎಂದ ಕಾಮೇಶ್ವರ. ಹೋದ ಸಲ ಎಲ್ಲವನ್ನೂ ಮಾಡುತ್ತೇವೆ ಎಂದವರನ್ನು ಕರೆದಿದ್ದರಂತೆ. ಅವರಿಗೆ ಸಣ್ಣವನ್ನೂ ಸರಿ ಮಾಡಲು ಬರಲಿಲ್ಲವಂತೆ.

"ಈ ಸಲ ಹುಡುಕಿದಾಗ ಮೇಲೇ ಬರೆದಿತ್ತು, ಅಚ್ಯುತಾಪುರಂ, ಐನೂರು ಕೆಜಿವರೆಗೆ ಕಾಟಾ ರಿಪೇರಿ, ಮುದ್ರೆ ಅಂತ. ಕೆಳಗೆ ವೇಬ್ರಿಜ್ ಮಾಡುವುದಿಲ್ಲ ಅಂತ. ಬರೋದಿಲ್ಲ ಅಂತ ತಾನೇ ಬರೆದುಕೊಂಡ ಅಂಗಡಿ ನಾನು ನೋಡಿದ್ದು ಇದೊಂದೇ. ನಮ್ಮ ಮ್ಯಾನೇಜರ್ ನಕ್ಕರು. ಆಮೇಲೆ, ಇವರ ಹತ್ತಿರವೇ ಹೋಗು ಅಂದರು." ಸ್ವಲ್ಪ ತಡೆದು ಕೇಳಿದ, "ಬರೆದವರು ಯಾರು?"

ಫಣೀಂದ್ರನ ಕೈ ಹಗ್ಗದ ಮೇಲೆ ನಿಂತಿತ್ತು.

"ಇವನ ಮಗಳು" ಎಂದ ಶಂಕರಪ್ಪ. "ಆ ಸಾಲು ಬೇಡ ಅಂತ ನಾನು ವಾರಗಟ್ಟಲೆ ಕೂಗಾಡಿದೆ. ನಾವೇ ಐದು ಸ್ಟಾರು ಹಾಕ್ಕೊಳ್ಳೋಣ ಅಂತಲೂ ಹೇಳಿದೆ. ನನ್ನನ್ನ ಕಳ್ಳನ ಥರ ನೋಡಿ, ಆಗಲ್ಲ ಅಂದಳು."

ಹದಿನೆಂಟು ವರ್ಷದಲ್ಲಿ ಬಾವ ತನ್ನ ತಪ್ಪನ್ನು ಹೊರಗಿನವರ ಮುಂದೆ ಆಡಿದ್ದನ್ನು ಫಣೀಂದ್ರ ಕೇಳಿರಲಿಲ್ಲ. ಹಗ್ಗ ಬಿಟ್ಟು ಎದ್ದು, "ಬಾವಾ, ಲಾರಿ..." ಎಂದ.

"ಯಾವ ಲಾರಿ? ಬರಬೇಡ ಅಂತ ಹೇಳು. ಹಗ್ಗ ಬಿಚ್ಚು. ಇಪ್ಪತ್ತೆರಡು ಕಾಟಾ ಕಣೋ, ನೀನೊಬ್ಬನೇ ಎಷ್ಟು ದಿನ ಮಾಡ್ತೀ?" ಎಂದವನೇ ಶಂಕರಪ್ಪ ಪರೀಕ್ಷೆಯ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಕಾಮೇಶ್ವರನ ಬೈಕಿನ ಹಿಂದೆ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಕೈಯಲ್ಲಿ ಬೆಂಜ್ ಸರ್ಕಲ್ಲಿನ ಆಫೀಸಿಗೆ ಫೋನು ಹಚ್ಚಿದ.

"ಸಾಹಿತ್ಯಾ, ನಾನು ಕಣೆ. ಕೋಪದಲ್ಲಿ ಮಾತಾಡ್ತಾ ಇಲ್ಲ, ಬೈಕ್ ಸದ್ದು ಅದು. ಕೇಳಿಸ್ಕೋ. ನಿಮ್ಮಪ್ಪ ಅಲ್ಲಿಗೆ ಬರ್ತಾ ಇಲ್ಲ, ಇಲ್ಲೇ ಇರ್ತಾನೆ. ನಾನೂ ದೀಪಾವಳಿ ಇಲ್ಲೇ ಮಾಡ್ತೀನಿ, ನಿಮ್ಮತ್ತೆನ ಕರ್ಕೊಂಡು ನೀನೂ ರೈಲು ಹತ್ತು. ಏನು? ಅಳ್ತಾ ಇದೀಯಾ? ಥೂ, ಆಫೀಸಿನಲ್ಲಿ ಕೂತು ಅಳ್ತಾರೇನೆ!"