ಗದರಿದರೆ ಅಲುಗದ ಹುಡುಗಿ

ಮಗ್ಗಿ ಹೇಳಲಿಲ್ಲವೆಂದು ಹೆಡ್‌ಮೇಷ್ಟ್ರು ಗುರುಮಲ್ಲಪ್ಪ ಕಾಡಂಚಿನ ಹಾಡಿಯ ರಂಗಿಯನ್ನು ಮೂರು ದಿನ ಅಂಗಳದ ಬಿಸಿಲಲ್ಲಿ ನಿಲ್ಲಿಸಿದರು. ನಾಲ್ಕನೆಯ ದಿನವೂ ನಿಲ್ಲಿಸಿ, ಅವಳ ಅವ್ವ ಚಿಕ್ಕಮಾದಿಗೆ ಹೇಳಿಕಳಿಸಿದರು.

ಮಕ್ಕಳ ಮನಸ್ಸು ಅರಿಯುವ ಬಗೆಯನ್ನು ಗುರುಮಲ್ಲಪ್ಪ ಮೈಸೂರಿನಲ್ಲಿ ಹತ್ತು ದಿನ ಕಲಿತು ಬಂದಿದ್ದರು. ಕಲಿತದ್ದೆಲ್ಲ ಸರ್ಟಿಫಿಕೇಟಾಗಿ ಅವರ ಕುರ್ಚಿಯ ಹಿಂದೆ ಗಾಜಿನೊಳಗೆ ಭದ್ರವಾಗಿತ್ತು. ಅದರ ಕೆಳಗೆ ಕೂತು ಗಂಟಲು ಹರಿಯುವಂತೆ ಗದರುತ್ತಿದ್ದರು. ಹೊಲಗದ್ದೆಯವರ ಮಕ್ಕಳು ಬೆದರಿ ತಪ್ಪೋ ಒಪ್ಪೋ ಒದರುತ್ತಿದ್ದವು, ಅದು ಶಿಸ್ತು. ರಂಗಿ ನೆಲ ನೋಡುತ್ತ, ಉಸಿರು ಹಿಡಿದು, ಕಲ್ಲಾಗಿ ನಿಲ್ಲುತ್ತಿದ್ದಳು, ಅದು ಕೊಬ್ಬು.

ಮೊದಲ ದಿನ ಅವಳ ರಟ್ಟೆ ಹಿಡಿದು ಅಂಗಳಕ್ಕೆ ಬಿಟ್ಟುಬಂದವಳು ಹುಣಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ವಿಮಲಮ್ಮ ಮೇಡಂ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್‌ಮೇಷ್ಟ್ರು ಹೇಳಿದರು, ಅವಳು ಮಾಡಿದಳು.

ಚಿಕ್ಕಮಾದಿ ಬಂದು ತರಗತಿಯ ಬಾಗಿಲಾಚೆಯೇ ನಿಂತಳು.

“ನಿನ್ನ ಮಗಳಿಗೆ ತಲೆ ಇಲ್ಲ ಕಣಮ್ಮ. ಕರ್ಕೊಂಡೋಗಿ ಗೆಣಸು ಅಗೆಯೋಕೆ ಹಾಕು,” ಎಂದರು ಗುರುಮಲ್ಲಪ್ಪ.

“ಮನೇಲಿ ಮಗ್ಗಿ ಒಪ್ಪುಸ್ತಳೆ ಸ್ವಾಮಿ. ನೀವು ಕೂಗ್ತೀರಿ, ಅದ್ಕೆ ನಿಂತ್ಬುಡ್ತಳೆ. ಆನೆ ಗೀಳಿಟ್ರೆ ಉಸ್ರು ಬುಡ್ದಂಗೆ ನಿಂತ್ಕೋಬೇಕು ಅಂತ ನಾವೇ ಕಲ್ಸಿರದು.”

“ಏನಮ್ಮ, ನಾನು ಆನೆನಾ?”

“ಆನೆ ಆದ್ರೆ ಕೂಗಿ ಒಂಟೋಯ್ತದೆ ಸ್ವಾಮಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಮಲ್ಲಪ್ಪನವರ ಕಿವಿ ಕೆಂಪಗಾಯಿತು.

ವಿಮಲಮ್ಮ ಅಂಗಳಕ್ಕಿಳಿದು ರಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳ ಮುಖ ನೋಡದೆ, ಕಡ್ಡಿಯಿಂದ ಮಣ್ಣು ಗೀಚುತ್ತ ಮೆಲ್ಲಗೆ ಕೇಳಿದಳು, “ಏಳೆಂಟ್ಲ ಎಷ್ಟವ್ವ?”

ಹುಡುಗಿಯ ಭುಜ ಸಡಿಲವಾಯಿತು.

“ಐವತ್ತಾರು.”

“ಕೇಳಿಸ್ತಾ ಸಾರ್?” ವಿಮಲಮ್ಮ ಬಾಗಿಲತ್ತ ತಿರುಗಿ ಕೇಳಿದಳು.

ಕೇಳಿಸಿತ್ತು. ಅವರಿಗೆ ತಡೆಯಲಾಗದ್ದೂ ಅದೇ. ತಾವು ಹತ್ತು ದಿನ ಕಲಿತದ್ದನ್ನು ಒಬ್ಬ ಗೆಣಸು ಅಗೆಯುವವಳು ಬಾಗಿಲಲ್ಲಿ ನಿಂತು ಹೇಳಿಕೊಡುವುದೆಂದರೇನು? ಹಾಜರಿ ಪುಸ್ತಕ ತಂದು ವಿಮಲಮ್ಮನ ಮುಂದೆ ಹಿಡಿದರು.

“ನಾಳೆ ಇನ್ಸ್‌ಪೆಕ್ಟರು ಬರ್ತಾರೆ. ಇವಳ ಹೆಸರು ಹೊಡೆದುಹಾಕಿ ‘ಮಂದಬುದ್ಧಿ’ ಅಂತ ಬರೀರಿ. ಇನ್ನು ಈ ಕಡೆ ಬರಕೂಡದು.” ದನಿ ತಗ್ಗಿಸಿದರು. “ನಿಮ್ಮ ಕಾಯಂ ಕಾಗದಕ್ಕೆ ನಾನಿನ್ನೂ ರುಜು ಹಾಕಿಲ್ಲ, ನೆನಪಿರಲಿ.”

ಪೆನ್ನನ್ನು ಕ್ಯಾಪು ತೆಗೆದೇ ಕೊಟ್ಟಿದ್ದರು. ವಿಮಲಮ್ಮ ಅದನ್ನು ಹಿಡಿದುಕೊಂಡು ಎದ್ದಳು. ಹಾಳೆಯಲ್ಲಿ ರಂಗಿಯ ಹೆಸರನ್ನು ಒಮ್ಮೆ ನೋಡಿದಳು.

“ನಾನು ಬರೆಯಲ್ಲ ಸಾರ್.”

ಅವರ ಕೈಯಿಂದ ಕ್ಯಾಪು ಈಸಿಕೊಂಡು ಪೆನ್ನು ಮುಚ್ಚಿ, ಪುಸ್ತಕದ ಮೇಲಿಟ್ಟು, ಬೆರಳಿಗೆ ಹತ್ತಿದ ಇಂಕನ್ನು ಸೆರಗಿಗೆ ಒರೆಸಿಕೊಂಡಳು.