ಅತ್ತೆಯ ಹಲ್ಲಿನ ಸೆಟ್ಟು

ಅವನು ಹಲ್ಲಿನ ಸೆಟ್ಟು ಮಾಡುವವನು. ಊರಿನ ಮುಕ್ಕಾಲು ಪಾಲು ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಿದ್ದುದು ಅವನಿಗೇ. ಅವರು ಗಡುವು ಹಾಕುತ್ತಿದ್ದರು. ಹಾಗಾಗಿ ಆ ಸೆಟ್ಟುಗಳು ಹೇಗೋ ಅವನ ಕೈಬಿಟ್ಟು ಹೋಗುತ್ತಿದ್ದವು. ಅವನನ್ನು ಸಾಕಿದ ಸೋದರತ್ತೆ ಮಾತ್ರ ಗಡುವು ಹಾಕಲಿಲ್ಲ. ಐದು ತಿಂಗಳಲ್ಲಿ ಅವಳಿಗೆಂದು ನಾಲ್ಕು ಸೆಟ್ಟು ಮಾಡಿ, ನಾಲ್ಕನ್ನೂ ಒಡೆದು ಕಸಕ್ಕೆ ಹಾಕಿದ್ದ. ಒಂದರಲ್ಲಿ ವಸಡಿನ ಬಣ್ಣ ಸರಿಯಿಲ್ಲ, ಇನ್ನೊಂದರಲ್ಲಿ ಕೋರೆಹಲ್ಲು ಕೂದಲೆಳೆಯಷ್ಟು ಮುಂದೆ.

“ಇನ್ನೊಂದು ವಾರ ಅತ್ತೆ.”

“ಆಗಲಿ ಬಿಡೋ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಕಡಲೇನೇ ಕಾಯಲಿ,” ಎಂದು ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ತಲೆಸುತ್ತಿ ಮೆಟ್ಟಿಲ ಮೇಲೆ ಬಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಅವಳ ತೋಳು ಹಿಡಿದು ನೋಡಿ, “ಏನಜ್ಜಿ, ಊಟಾನೇ ಮಾಡ್ತಿಲ್ವಾ? ಹಲ್ಲು ಕಟ್ಟಿಸಿಕೊಡೋರು ಯಾರೂ ಇಲ್ವಾ?” ಎಂದಳು.

“ಇದಾನಲ್ಲ, ನಮ್ಮಣ್ಣನ ಮಗ. ಮಾಡ್ತಿದಾನೆ. ಅವನ ಕೆಲಸ ಅಂದ್ರೆ ಕೆಲಸ.”

“ಎಲ್ಲಿದಾರೆ ಅವರು?”

ಮಂಚದ ಪಕ್ಕದಲ್ಲೇ ನಿಂತಿದ್ದವನು ಔಷಧಿ ತರುವ ನೆಪ ಹೇಳಿ ಹೊರಗೆ ನಡೆದ. ಅತ್ತೆ ಅವನತ್ತ ಕೈ ತೋರಿಸಲಿಲ್ಲ. ಬೈದಿದ್ದರೂ ಅಷ್ಟು ಸುಡುತ್ತಿರಲಿಲ್ಲ.

ಹೆಂಡತಿಯ ಒತ್ತಾಯಕ್ಕೆ ಆಪ್ತ ಸಮಾಲೋಚಕಿಯ ಬಳಿ ಹೋಗತೊಡಗಿದ. ಮೊದಲ ಮೂರು ವಾರ ಆಕೆಗೆ ಮೇಣ, ಅಚ್ಚು, ವಸಡು ಎಂದು ಪಾಠ ಹೇಳಿ ಬಂದ. ನಾಲ್ಕನೆಯ ವಾರ ಆಕೆ ಕೇಳಿದರು:

“ಆ ನಾಲ್ಕರಲ್ಲಿ ಒಂದನ್ನಾದ್ರೂ ಅತ್ತೆಗೆ ಹಾಕಿ ನೋಡಿದ್ರಾ?”

“ಇಲ್ಲ.”

“ಯಾಕೆ?”

ಅವನು ಉಗುರು ಕೆರೆದ. “ನೋವಾದ್ರೆ... ನನ್ನ ಮುಖ ನೋಡ್ತಾರಲ್ಲ.”

“ಅಂದ್ರೆ ಇಷ್ಟು ದಿನ ನೀವು ಕಾಪಾಡಿದ್ದು ಯಾರನ್ನ?”

ಅದುವರೆಗೆ ಅವನು ಅತ್ತೆಯ ಮೇಲಿನ ಪ್ರೀತಿಯಿಂದಲೇ ತಡವಾಗುತ್ತಿದೆ ಎಂದು ಹೆಂಡತಿಗೂ, ತನಗೂ ಹೇಳಿಕೊಂಡು ಬಂದಿದ್ದ.

ಮುಂದಿನ ವಾರಗಳಲ್ಲಿ ಅವನೂ ಸಮಾಲೋಚಕಿಯೂ ಕೂತು ಒಂದು ದಿನ ಗೊತ್ತು ಮಾಡಿದರು. ಅಂದಿಗೆ ಸೆಟ್ಟು ಹೇಗಿದ್ದರೆ ಹಾಗೆ ಕೊಡಬೇಕು. ಐದನೆಯದನ್ನು ಮುಗಿಸಿದಾಗ ಮುಂದಿನ ಹಲ್ಲೊಂದು ತುಸು ವಾಲಿತ್ತು. ಎರಡು ಸಲ ಸುತ್ತಿಗೆ ಎತ್ತಿ, ಎರಡು ಸಲವೂ ಕೆಳಗಿಟ್ಟ.

“ಅತ್ತೆ, ಇದು ಸ್ವಲ್ಪ ಸೊಟ್ಟ ಇದೆ.”

ಅತ್ತೆ ಹಾಕಿಕೊಂಡು ಕನ್ನಡಿ ನೋಡಿದಳು. “ನನ್ನ ಸ್ವಂತ ಹಲ್ಲು ಇನ್ನೂ ಸೊಟ್ಟ ಇತ್ತಲ್ಲೋ.” ಆಮೇಲೆ ಕೆನ್ನೆ ಮುಟ್ಟಿಕೊಂಡಳು. “ಎಡಗಡೆ ಒತ್ತುತ್ತೆ.”

ಅವನು ಸೆಟ್ಟು ಬಿಚ್ಚಿಸಿಕೊಂಡು, ಒತ್ತುವ ಜಾಗವನ್ನು ಅಲ್ಲೇ ಉಜ್ಜಿ ಕೊಟ್ಟ. ಹತ್ತು ನಿಮಿಷವೂ ಹಿಡಿಯಲಿಲ್ಲ.

“ಆಸ್ಪತ್ರೇಲಿ ಅವತ್ತು...” ಎಂದು ಶುರುಮಾಡಿದ.

“ಗೊತ್ತು ಕಣೋ. ಹಸಿವಾಗ್ತಿದೆ, ಬಡಿಸು.”

ಅವಳು ನಿಧಾನವಾಗಿ, ತಟ್ಟೆ ಬರಿದಾಗುವವರೆಗೆ ಉಂಡಳು. ಎದ್ದು ಹೋಗಬೇಕೆನಿಸಿದರೂ ಅವನು ಎದುರಿಗೇ ಕುಳಿತಿದ್ದ.