ಸಾಹೇಬರ ಒಂದೇ ಅಂಕಿ

ನಾನು ಆಂಪ್ಲಿಫೈಯರ್. ಮದುವೆ ಮಂಟಪದಲ್ಲಿ ಕಿರುಚುವ ಜಾತಿಯಲ್ಲ, ಬೆಳಕಿನ ಜಾತಿ. ಫೋನು, ಇಂಟರ್ನೆಟ್ಟಿನ ಸುದ್ದಿ ಹೊತ್ತು ಗಾಜಿನ ಎಳೆಯೊಳಗೆ ಎಂಬತ್ತು ಕಿಲೋಮೀಟರ್ ಓಡಿ ಸೊರಗಿದ ಬೆಳಕಿಗೆ ಕಸುವು ತುಂಬಿ ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ನನ್ನನ್ನು ಕಟ್ಟಿದವರು ಬುದ್ಧಿಯನ್ನೂ ಕೊಟ್ಟಿದ್ದರು: ನಲವತ್ತು ಬಣ್ಣದ ಬೆಳಕು ಬರಲಿ, ನಾಲ್ಕೇ ಬರಲಿ, ಒಂದೊಂದನ್ನೂ ನೂರು ಪಟ್ಟು ಮಾಡು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಕೊಪ್ಪಳ ಸೀಮೆಯ ಹೆದ್ದಾರಿ ಬದಿಯ ಒಂದು ಕೇಂದ್ರಕ್ಕೆ ಬಂದೆ. ಅಲ್ಲಿನ ಮೆಕ್ಯಾನಿಕ್ ಗೂಳಪ್ಪ ವಾರಕ್ಕೊಮ್ಮೆ ನನ್ನ ಧೂಳು ಒರೆಸುತ್ತಿದ್ದ. ಅವನ ಮೇಲಿನ ಮುದಗಲ್ ಸಾಹೇಬರು ನನ್ನ ಮುಖ ನೋಡಿದವರೇ ಅಲ್ಲ, ರಿಜಿಸ್ಟರ್ ಒಂದನ್ನೇ ನೋಡುವರು. ನನ್ನಿಂದ ಹೊರಡುವ ಒಟ್ಟು ಬೆಳಕಿನ ಅಂಕಿ ಅದರಲ್ಲಿ ಏರಿಳಿದರೆ ಅವರಿಗೆ ಅನ್ನ ಸೇರದು.

“ಅಂಕಿ ದಿನಾ ಒಂದೇ ಇರಬೇಕೋ ಗೂಳಪ್ಪ. ಮ್ಯಾಲಿನವ್ರು ಕೇಳ್ತಾರ.”

“ಸಾಹೇಬ್ರ, ನಲವತ್ತು ಮಂದಿ ಅಡಗಿ ಒಬ್ಬನ ಎಲಿಗೆ ಸುರುವಿದ್ರ ಅಂವ ಉಣ್ತಾನೋ, ಸಾಯ್ತಾನೋ?”

“ಅಡಗಿಮನಿ ಮಾತು ಇಲ್ಲಿ ಬ್ಯಾಡ.”

ಗೂಳಪ್ಪ ವಿಧಿಯಿಲ್ಲದೆ ನನ್ನ ಬುದ್ಧಿ ಬದಲಿಸಿದ. ಎಷ್ಟೇ ಬರಲಿ, ಹೊರಗೆ ಹೋಗುವ ಒಟ್ಟು ಬೆಳಕು ಮಾತ್ರ ದಿನಾ ಒಂದೇ ಇರಬೇಕು. ಪೆದ್ದನಾದೆ; ರಿಜಿಸ್ಟರ್ ಮಾತ್ರ ಚೆಂದವಾಯಿತು.

ಒಂದು ಬೆಳಿಗ್ಗೆ, ಮೂವತ್ತೊಂಬತ್ತು ಬಣ್ಣ ಹೊತ್ತು ತರುತ್ತಿದ್ದ ಕೇಬಲ್ಲು ಜೆಸಿಬಿ ಹಲ್ಲಿಗೆ ಸಿಕ್ಕು ತುಂಡಾಯಿತು. ಬೇರೆ ದಾರಿಯಿಂದ ಬರುತ್ತಿದ್ದ ಒಂದೇ ಬಣ್ಣ ಉಳಿಯಿತು, ಅದು ತಾಲೂಕು ಆಸ್ಪತ್ರೆಯ ಸುದ್ದಿಯನ್ನು ಹುಬ್ಬಳ್ಳಿಗೆ ಒಯ್ಯುವುದು. ನಲವತ್ತರ ಕಸುವನ್ನೆಲ್ಲ ಅದೊಂದಕ್ಕೇ ಸುರಿದೆ. ಆಚೆ ತುದಿಯ ಯಂತ್ರಕ್ಕೆ ಕಣ್ಣು ಕುಕ್ಕಿ ಏನೂ ಕಾಣದಾಯಿತು.

ಆ ಆಸ್ಪತ್ರೆಯ ನರ್ಸ್ ಸಕ್ಕವ್ವನ ಫೋನು ಗೂಳಪ್ಪನಿಗೆ ಬಂತು. “ಅಣ್ಣಾ, ಲಾರಿ ಡ್ರೈವರ್ ಖಾದರಸಾಬ ಎದಿ ಹಿಡ್ಕೊಂಡು ಬಿದ್ದಾನ. ಇಸಿಜಿ ಹುಬ್ಬಳ್ಳಿಗೆ ಹೋಗವಲ್ದು. ಅಲ್ಲಿ ಡಾಕ್ಟರ್ ನೋಡಿ ಹೇಳದ ಇಲ್ಲಿ ಸೂಜಿ ಹಾಕಂಗಿಲ್ಲ!”

ನನಗೆ ಹಳೆಯ ಬುದ್ಧಿ ಹಾಕಲೇ ಎಂದು ಗೂಳಪ್ಪ ಸಾಹೇಬರಿಗೆ ಫೋನು ಮಾಡಿ ಕೇಳಿದ.

“ಮುಟ್ಟಬ್ಯಾಡ! ಅಂಕಿ ಬೀಳ್ತದ.”

“ಅಂಕಿಗೆ ಎದಿನೋವು ಬರೂದಿಲ್ರೀ” ಎಂದು ಫೋನಿಟ್ಟು, ನನಗೆ ಹಳೆಯ ಬುದ್ಧಿ ಮರಳಿಸಿದ. ಇಸಿಜಿ ಹೋಯಿತು. ಖಾದರಸಾಬ ಬದುಕಿದ. ಎರಡು ವಾರಕ್ಕೆ ಪೇರಲಹಣ್ಣಿನ ಚೀಲ ಹಿಡಿದು ಬಂದು, ಗೂಳಪ್ಪನ ಕೈಗೆ ಒಂದಿಟ್ಟು, ನನ್ನ ತಲೆಯ ಮೇಲೂ ಒಂದಿಟ್ಟ.

ಆ ದಿನದ ಅಂಕಿ ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತಲ್ಲ? ಸಾಹೇಬರು ಕೆಂಪು ಶಾಯಿಯಲ್ಲಿ ಬರೆದರು: “ಯಂತ್ರದ ಶಕ್ತಿ ಕುಂದಿದೆ. ತೆಗೆದುಹಾಕಿ.”

ಈಗ ಕಾಲು ಮುರಿದ ಕುರ್ಚಿಗಳ ಜೊತೆ ಹಿಂದಿನ ಕೋಣೆಯಲ್ಲಿದ್ದೇನೆ. ಬಾಗಿಲ ಸಂದಿಯಿಂದ ಹೊಸ ಯಂತ್ರ ಕಾಣುತ್ತದೆ. ಗೂಳಪ್ಪ ಅದಕ್ಕೆ ನನ್ನ ಹಳೆಯ ಬುದ್ಧಿಯನ್ನೇ ಹಾಕಿದ್ದಾನೆ. ರಿಜಿಸ್ಟರಿನಲ್ಲಿ ಮಾತ್ರ ಮೀಟರು ನೋಡದೆ ದಿನಾ ಒಂದೇ ಅಂಕಿ ಬರೆಯುತ್ತಾನೆ. ಸಾಹೇಬರು ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ.